ಸಂತೆಚೀಲದಲ್ಲಿಟ್ಟ ಮಾತ್ರೆ

ಚೆಂಡುಹೂವಿನ ವಾಸನೆ ಹಿತ ಎನ್ನುವವರು ಅದನ್ನು ಒಂದು ದಿನವೂ ಕಿತ್ತವರಲ್ಲ. ಈ ವಾದಕ್ಕೆ ಸಾಕ್ಷಿ ಬೇಕಾದರೆ ನನ್ನ ಬೆರಳುಗಳನ್ನೇ ಮುಂದಿಡುತ್ತೇನೆ. ಮಾಲೆಯಲ್ಲಿದ್ದಾಗ ಅದು ಹಬ್ಬದ ಹೂವು. ಗಿಡದಿಂದ ಕೀಳುವಾಗ ಅದೇ ಹೂವು ಕಹಿ, ಘಾಟು, ಅಂಟು. ಮೂರು ಸಲ ಸೋಪು ಹಚ್ಚಿ ತೊಳೆದರೂ ತುತ್ತಿನ ಜೊತೆ ಬಾಯಿಗೆ ಬರುತ್ತದೆ. ಮೊನ್ನೆ ಮೈಸೂರಿನಿಂದ ಬಂದು ಗುಂಡ್ಲುಪೇಟೆಯಲ್ಲಿ ಬಸ್ಸಿಳಿದಾಗ, ಕೇರಳದ ಕಡೆ ಮೂತಿ ಮಾಡಿ ನಿಂತಿದ್ದ ಪಿಕಪ್ ವ್ಯಾನಿನ ಟಾರ್ಪಾಲಿನ ಕೆಳಗಿನಿಂದ ಆ ಘಾಟು ನುಗ್ಗಿ ಬಂತು. ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಈರುಳ್ಳಿ ಮೂಟೆ ಹೊತ್ತು ಹಿಂದೆ ಬರುತ್ತಿದ್ದವನು, "ದಾರಿ ಬುಡಮ್ಮ, ಫೋಟ ಆಮೇಲೆ ತಕ್ಕಳೀವಂತೆ" ಎಂದ. ಹೂವಿನ ಹೊಲದ ಮುಂದೆ ನಿಂತು ನಗುವ ಪ್ರವಾಸಿಗಳಲ್ಲಿ ನಾನೂ ಒಬ್ಬಳು ಎಂದುಕೊಂಡಿರಬೇಕು. ನಾನು ತಿದ್ದಲಿಲ್ಲ. ಅಷ್ಟು ಹೊತ್ತಿಗೆ ಮನಸ್ಸು ಆ ಒಂದು ಮಳೆಗಾಲಕ್ಕೆ ಹೋಗಿಬಿಟ್ಟಿತ್ತು.

ಆಗ ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆ ಚಂದಕವಾಡಿಯಲ್ಲಿ. ಆದರೆ ಆ ಜೂನ್ ತಿಂಗಳಿಂದ ನಾನಿದ್ದದ್ದು ಗುಂಡ್ಲುಪೇಟೆಯಿಂದ ಕೇರಳ ಗಡಿಯ ಮದ್ದೂರಿನ ಕಡೆಗಿರುವ ದೊಡ್ಡಮ್ಮನ ಊರಿನಲ್ಲಿ, ಅವಳಿಗೆ ಕೈಯಾಸರೆಯಾಗಿ. ಅಲ್ಲಿಂದ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಹೋಗುತ್ತಿದ್ದೆ. ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ, ಮಾದೇವಮ್ಮ. ಒಂದೂವರೆ ಎಕರೆ ಚೆಂಡುಹೂವು, ಒಂದು ಬೋರು, ಮಾತು ಕಡಿಮೆಯ ದೊಡ್ಡಪ್ಪ: ಅವಳ ಸಂಸಾರ ಅಷ್ಟು. ಸುತ್ತಲ ಹೊಲಗಳಲ್ಲಿ ಅವಳಷ್ಟು ಬೇಗ ಹೂವು ಕೀಳುವವರು ಇರಲಿಲ್ಲ. ಎರಡೂ ಕೈ ಒಟ್ಟಿಗೆ ಆಡಿಸಿ, ಗಿಡವನ್ನು ನೋಡದೆ ಪಕ್ಕದ ಸಾಲಿನವರ ಜೊತೆ ಹರಟುತ್ತಲೇ ಮಡಿಲು ತುಂಬಿಸುತ್ತಿದ್ದಳು. ಆ ಕೈಗಳಿಗೇ ರೋಗ ಬಂತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗದು. ಗಿಣ್ಣುಗಳು ಕೆಂಪಗೆ, ಬಿಸಿಯಾಗಿ ಊದಿಕೊಂಡಿರುತ್ತಿದ್ದವು. ಸೆರಗು ಸಿಕ್ಕಿಸಿಕೊಳ್ಳಲು ದೊಡ್ಡಪ್ಪನನ್ನು ಕರೆಯುವಳು. ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲ. ಚಾಮರಾಜನಗರದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಇದು ವಯಸ್ಸಿನ ಮಂಡಿನೋವಲ್ಲ, ರುಮಟಾಯ್ಡ್ ಸಂಧಿವಾತ ಎಂದರು. ಬಿಟ್ಟರೆ ಗಿಣ್ಣುಗಳನ್ನೇ ತಿಂದು ಬೆರಳು ಸೊಟ್ಟ ಮಾಡುತ್ತದೆ, ಔಷಧಿ ತಗೊಂಡರೆ ಹಿಡಿತಕ್ಕೆ ಬರುತ್ತದೆ ಎಂದೂ ಹೇಳಿದರು. ಬರೆದುಕೊಟ್ಟದ್ದು ಪುಟ್ಟ ಹಳದಿ ಮಾತ್ರೆ. ಒಂದು ಹೊತ್ತಿಗೆ ನಾಲ್ಕು, ಅದೂ ವಾರಕ್ಕೆ ಒಂದೇ ದಿನ. "ಮರೆತರೂ ಪರವಾಗಿಲ್ಲ, ದಿನಾ ಮಾತ್ರ ನುಂಗಬಾರದು" ಎಂದು ಎರಡು ಸಲ ಹೇಳಿದರು. ಎರಡನೆಯ ಸಲ ನನ್ನನ್ನೇ ನೋಡಿ ಹೇಳಿದರು.

"ಅದು ನನಗೆ ಬಿಡಿ ಮೇಡಂ" ಎಂದೆ.

ಬಿಟ್ಟರು. ನಾನು ಎಂಥ ಹುಡುಗಿ ಎಂದರೆ, ಸಮಸ್ಯೆ ಕೇಳುವ ಮೊದಲೇ ಉತ್ತರ ಕೊಡುವವಳು. ಮೂರು ವರ್ಷ ಕಾಲೇಜಿನ ಚರ್ಚಾ ತಂಡದಲ್ಲಿ ನಿಂತು, ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ ಗೆದ್ದು ಬಂದವಳು. ಊರಿನವರು ನನ್ನನ್ನು ಲಾಯರಮ್ಮ ಎಂದು ಅಣಕಿಸಿದರೆ ನನಗೆ ಅದು ಬಿರುದು. ಆ ಮನೆಯಲ್ಲಿ ಸೋಮವಾರ, ಮಂಗಳವಾರ ಎಂದು ಯಾರೂ ಎಣಿಸುತ್ತಿರಲಿಲ್ಲ. ವಾರವೆಂದರೆ ಗುರುವಾರದ ಸಂತೆಯಿಂದ ಮುಂದಿನ ಸಂತೆಗೆ. ಸಂತೆಗೆ ಹೋಗುವಾಗ ದೊಡ್ಡಮ್ಮ ಗೋಡೆಯ ಮೊಳೆಯಿಂದ ನೀಲಿ ಪಟ್ಟೆಯ ದೊಡ್ಡ ಚೀಲವನ್ನು ತೆಗೆದುಕೊಳ್ಳುತ್ತಿದ್ದಳು. ಬೇರೆ ದಿನ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ನಾನು ಮಾತ್ರೆಯ ಪಟ್ಟಿಯನ್ನು ಆ ಚೀಲದ ಒಳಜೇಬಿಗೆ ಹಾಕಿ, ಒಂದು ಘೋಷಣೆಯನ್ನೂ ಕಟ್ಟಿಕೊಟ್ಟೆ: "ಚೀಲ ಕೈಗೆ ಬಂದರೆ ಮಾತ್ರೆ ಬಾಯಿಗೆ." ದೊಡ್ಡಮ್ಮ ಅದನ್ನು ಹಾಡಿನಂತೆ ಕಲಿತಳು. ಒಂದು ವಾರವೂ ತಪ್ಪಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಬೆಳಗಿನ ಬಿಗಿ ಕಡಿಮೆಯಾಗಿ, ಸೆರಗು ತಾನೇ ಸಿಕ್ಕಿಸಿಕೊಂಡಳು. ನನಗೆ ನನ್ನ ಮೇಲೆ ಹೆಮ್ಮೆಯೋ ಹೆಮ್ಮೆ.

ಆಗಸ್ಟಿನಲ್ಲಿ ಕಾಲೇಜಿನಿಂದ ವಿಷಯ ಬಂತು. ಅಂತರ ಕಾಲೇಜು ಚರ್ಚಾ ಸ್ಪರ್ಧೆ: ಸಂಧಿವಾತಕ್ಕೆ ಜೀನ್ ಚಿಕಿತ್ಸೆಯೇ ನಾಳೆಯ ಉತ್ತರ. ಚೀಟಿ ಎತ್ತಿದಾಗ ನನಗೆ ಸಿಕ್ಕಿದ್ದು ಪರ. ನನಗೋ ಇಂಥ ಪವಾಡಗಳ ಮೇಲೆ ಹುಟ್ಟುಗುಣವಾಗಿಯೇ ಅನುಮಾನ. ಆದರೂ ಓದಿದೆ. ಓದುತ್ತ ಹೋದಂತೆ ಅನುಮಾನ ಸ್ವಲ್ಪ ಪಕ್ಕಕ್ಕೆ ಸರಿದು ಕೂತಿತು, ಎದ್ದು ಹೋಗಲಿಲ್ಲ. ಅಭ್ಯಾಸಕ್ಕೆ ಸಭೆ ಬೇಕಲ್ಲ? ಭಾನುವಾರ ಹೂವಿನ ಸಾಲಿನಲ್ಲಿ ನಿಂತು ಶುರುಮಾಡಿದೆ. ಕೇರಳದಲ್ಲಿ ಸುರಿದು ಸುಸ್ತಾದ ಮಳೆ ನಮ್ಮ ಗಡಿ ದಾಟುವಾಗ ಜಿನುಗಾಗಿ ಇಳಿಯುತ್ತಿತ್ತು. ತಲೆಗೆ ಯೂರಿಯಾ ಚೀಲದ ಕೊಪ್ಪೆ, ಕೈಯಲ್ಲಿ ಹೂವು.

"ಮಾನ್ಯ ಅಧ್ಯಕ್ಷರೇ..."

"ಯಾವ ಅಧ್ಯಕ್ಷ ಕಣಮ್ಮಿ?" ಪಕ್ಕದ ಸಾಲಿನ ಜಯಮ್ಮ ಕೇಳಿದಳು. ದೊಡ್ಡಮ್ಮನ ನೆರೆಮನೆಯವಳು, ಬಾಯಿ ಕತ್ತರಿ. "ಪಂಚಾಯ್ತಿ ಅಧ್ಯಕ್ಷ ಆದ್ರೆ ಅವ್ನಿನ್ನೂ ಎದ್ದಿರಾಕಿಲ್ಲ, ಆಮ್ಯಾಕೆ ಯೋಳು."

"ಸುಮ್ಕಿರಮ್ಮಿ, ಕೂಸು ಯೋಳ್ಲಿ" ಎಂದಳು ದೊಡ್ಡಮ್ಮ. "ನನ್ ಕೈ ಇಚಾರವಂತೆ."

ಹೇಳಿದೆ. ನಮ್ಮ ಮೈಯೊಳಗೆ ರೋಗಾಣುಗಳನ್ನು ಓಡಿಸುವ ಕಾವಲುಗಾರರಿದ್ದಾರೆ. ಕಾಡಂಚಿನ ಕಾವಲಿನವರು ಕತ್ತಲಲ್ಲಿ ಆನೆ ಎಂದುಕೊಂಡು ನಮ್ಮ ಹಸುವಿನ ಮೇಲೇ ಪಟಾಕಿ ಎಸೆದಂತೆ, ಈ ರೋಗದಲ್ಲಿ ಅವರು ನಮ್ಮ ಗಿಣ್ಣುಗಳ ಮೇಲೆ ಬೀಳುತ್ತಾರೆ. ಆ ಗದ್ದಲವನ್ನು ತಣಿಸುವ ಪ್ರೋಟೀನುಗಳಿವೆ. ಈಗ ಅವನ್ನು ಹೊರಗಿನಿಂದ, ಪದೇ ಪದೇ ಸೂಜಿಯಲ್ಲಿ ಕೊಡಬೇಕು. ಜೀನ್ ಚಿಕಿತ್ಸೆಯಲ್ಲಿ ಆ ಪ್ರೋಟೀನು ತಯಾರಿಸುವ ಸೂಚನೆಯನ್ನೇ, ಅಂದರೆ ಜೀನನ್ನೇ, ಹಲ್ಲು ಕಿತ್ತ ವೈರಸ್ಸೊಂದರೊಳಗೆ ಇಟ್ಟು ಗಿಣ್ಣಿಗೆ ಚುಚ್ಚುತ್ತಾರೆ. ಅಲ್ಲಿಂದ ಮುಂದೆ ಗಿಣ್ಣು ತನ್ನ ಮದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಕೆಲವು ಕಡೆ ಮನುಷ್ಯರ ಮೇಲೂ ಸಣ್ಣದಾಗಿ ಪ್ರಯೋಗ ಆಗಿದೆ. ಆದರೆ ಡಾಕ್ಟರು ಬರೆದುಕೊಡುವ ಔಷಧಿ ಇನ್ನೂ ಆಗಿಲ್ಲ. ಈ ಕೊನೆಯ ವಾಕ್ಯವನ್ನು ಪರವಾದಿಗಳು ಹೇಳುವಂತೆ ಮೆಲ್ಲಗೆ ಹೇಳಿದೆ.

ದೊಡ್ಡಮ್ಮ ಕೈ ನಿಲ್ಲಿಸಿದಳು. "ಅಂದ್ರೆ ಬೋರಿನ ಮೋಟ್ರಿಗೆ ಆಟೋ ಸ್ಟಾರ್ಟ್ರು ಆಕ್ದಂಗೆ."

"ಅದೇ! ಹಂಗೇ ಅನ್ಕೊ."

"ಕರೆಂಟು ಬಂದ್ರೆ ಸಾಕು, ಅದರ ಪಾಡಿಗೆ ಅದು ತಿರುಗ್ತದೆ. ಮಳೆ ಉಯ್ದು ಒಲ ಕೆರೆ ಆಗಿದ್ರೂ ತಿರುಗ್ತದೆ. ಓದ್ ವರ್ಸ ಅಂಗೇ ಅಲ್ವಾ ನಮ್ದು ಅರ್ಧ ಊವು ಕೊಳ್ತೋಗಿದ್ದು? ನೋವು ಒಂದಿನ ಇರ್ತದೆ, ಒಂದಿನ ಇರಾಕಿಲ್ಲ. ಇಲ್ದಾಗ ಅದನ್ನ ಆಫ್ ಮಾಡೋ ಗುಂಡಿ ಎಲ್ಲದೆ ಕಣಮ್ಮಿ?"

ನಾನು ಓದಿದ್ದ ಕಾಗದಗಳಲ್ಲಿ ತಜ್ಞರು ಪುಟಗಟ್ಟಲೆ ಬರೆದು ಕೇಳಿದ್ದ ಪ್ರಶ್ನೆ ಅದು. ಉತ್ತರ ಇಲ್ಲದಾಗ ಏನು ಮಾಡಬೇಕೆಂದು ನಾನು ಚೆನ್ನಾಗಿ ಕಲಿತಿದ್ದೆ. ಧ್ವನಿ ಎತ್ತಿ ನೇರವಾಗಿ ಮುಕ್ತಾಯಕ್ಕೆ ಹೋದೆ: "ಒಂದು ಸೂಜಿ, ಮಾನ್ಯರೇ! ಒಂದೇ ಒಂದು ಸೂಜಿ! ನನ್ನ ದೊಡ್ಡಮ್ಮನ ಬೆರಳುಗಳು ಮತ್ತೆ ಹೂವಿನ ಮೇಲೆ ಹಕ್ಕಿಯಂತೆ ಹಾರುವ ದಿನ ದೂರವಿಲ್ಲ!"

ಜಯಮ್ಮ ಚಪ್ಪಾಳೆ ತಟ್ಟಿದಳು. ದೊಡ್ಡಮ್ಮ ತಟ್ಟಲಿಲ್ಲ, ಅಂಗೈ ತಿರುಗಿಸಿ ಬೆರಳುಗಳನ್ನು ನೋಡಿಕೊಂಡಳು. ಭಾಷಣ ನಾಟಿದೆ ಎಂದು ಖುಷಿಪಟ್ಟೆ. ನಿಜಕ್ಕೂ ನಾಟಿತ್ತು.

ಓಣಂ ಹತ್ತಿರ ಬಂದಂತೆ ಊರಿನ ಲಯವೇ ಬದಲಾಯಿತು. ಕೇರಳದ ವ್ಯಾನುಗಳು ದಿನಾ ಬರತೊಡಗಿದವು. ಬೆಳಗಾಗುತ್ತಲೇ ಹೂವು ಕಿತ್ತು, ಮೂಟೆ ಕಟ್ಟಿ, ಹೆದ್ದಾರಿ ಬದಿಗೆ ಸಾಗಿಸಬೇಕು. "ಚೇಚಿ, ವೇಗಂ ವೇಗಂ" ಎಂದು ವ್ಯಾನಿನವರು ಅವಸರಪಡಿಸುವರು. "ಏಗಮ್ಮೂ ಇಲ್ಲ ನಾಗಮ್ಮೂ ಇಲ್ಲ, ನಿಂತ್ಕಳ್ಲಾ" ಎಂದು ದೊಡ್ಡಮ್ಮ ಗದರುವಳು. ಕೆಲಸ ಹೆಚ್ಚಿದಂತೆ ಕೈನೋವೂ ಹೆಚ್ಚಿತು. ನನಗೆ ಒಳಪರೀಕ್ಷೆಗಳು ಶುರುವಾಗಿ, ಹತ್ತು ದಿನ ಚಂದಕವಾಡಿಯ ಮನೆಗೆ ಹೋದೆ.

ಪರೀಕ್ಷೆ ಮುಗಿಸಿ ಬಂದಾಗ ದೊಡ್ಡಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಟ್ಟೆಯಲ್ಲಿ ಮುದ್ದೆ ಹಾಗೇ ಆರಿತ್ತು. ಬಾಯಿ ತೆರೆಸಿ ನೋಡಿದೆ: ತುಟಿಯ ಒಳಗೆ, ನಾಲಿಗೆಯ ಅಂಚಿಗೆ, ಎಲ್ಲೆಲ್ಲೂ ಬಿಳಿ ಹುಣ್ಣು. ಎಂಜಲು ನುಂಗಲೂ ಕಷ್ಟಪಡುತ್ತಿದ್ದಳು.

"ಏನು ತಿಂದೆ?"

ಅವಳು ಪಕ್ಕದಲ್ಲಿ ಕೂತಿದ್ದ ಜಯಮ್ಮನ ಮುಖ ನೋಡಿದಳು. ಜಯಮ್ಮ ನೆಲ ನೋಡಿದಳು. ಕೊನೆಗೆ ಬಾಯಿಬಿಟ್ಟದ್ದು ಜಯಮ್ಮನೇ. "ನೀನೇ ಯೋಳಿದ್ಯಲ್ಲಮ್ಮಿ, ಜೀನ್ ತೆರಪಿ ಅಂತ. ಪೇಟೇಲಿ ಆಟೋದಲ್ಲಿ ಮೈಕ್ ಕಟ್ಕೊಂಡು ಅದನ್ನೇ ಕೂಗ್ತಾ ಬಂದ್ರು. ಮಂಟಪದಲ್ಲಿ ಕ್ಯಾಂಪ್ ಆಕವ್ರೆ. ಸೂಜಿ ಅಲ್ಲ, ಹನಿ. ನಾಲ್ಗೆ ಕೆಳಕ್ಕೆ ಬುಡೋದು. ಕೂಸು ಬರೋ ಅಷ್ಟೊತ್ಗೆ ಕೈ ನೆಟ್ಗಾಗಿರ್ತದೆ ಅಂತ ಇಬ್ರೂ ಓಗಿ ಆಕಿಸ್ಕೊಂಡೋ."

ರಕ್ತ ಕುದಿಯಿತು. ಸತ್ಯ ಹೇಳಬೇಕೆಂದರೆ, ಅದರಲ್ಲಿ ಸ್ವಲ್ಪ ಸಂತೋಷವೂ ಇತ್ತು. ಎದುರಾಳಿ ಸಿಕ್ಕಿದ್ದ. ಜಯಮ್ಮನನ್ನು ಕರೆದುಕೊಂಡು ಅಂದೇ ಪೇಟೆಗೆ ಹೋದೆ. ಮದುವೆ ಮಂಟಪದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಮ್ಮ ಕಡೆಯ ಹೆಂಗಸರೇ ಮಂಡಿ, ಮಣಿಕಟ್ಟು ಹಿಡಿದು ಕೂತಿದ್ದರು. ಮೇಜಿನ ಹಿಂದೆ ಬಿಳಿ ಕೋಟಿನವನೊಬ್ಬ.

"ಇದು ಜೀನ್ ಥೆರಪಿನಾ?"

"ಹೌದು ಮೇಡಂ. ವಂಶವಾಹಿಯನ್ನೇ ಬದಲಾಯಿಸುತ್ತೆ."

"ಯಾವ ಜೀನ್?"

"ಎಲ್ಲಾ ಜೀನೂ."

"ಎಲ್ಲಾ ಬದಲಾದ್ರೆ ಇವರು ಜಯಮ್ಮ ಆಗಿ ಉಳೀತಾರಾ, ಇಲ್ಲ ಕುಂಬಳಕಾಯಿ ಆಗ್ತಾರಾ?"

ಕುರ್ಚಿಗಳಲ್ಲಿ ನಗು. ನಾನು ಸಭೆಯ ಕಡೆಗೆ ತಿರುಗಿದೆ. "ಜೀನನ್ನ ಒಳಗೆ ಒಯ್ಯೋ ವೈರಸ್ಸನ್ನ ಮಂಜಿಗಿಂತ ತಣ್ಣಗೆ ಇಡಬೇಕು. ಇವರ ಬಾಟ್ಲಿ ಕಿಟಕಿ ಬಿಸಿಲಲ್ಲಿ ಕೂತಿದೆ. ನಮ್ಮ ದೊಡ್ಡಮ್ಮ ಇದನ್ನ ಕುಡಿದು ಬಾಯೆಲ್ಲ ಹುಣ್ಣಾಗಿ ಮಲಗಿದ್ದಾಳೆ. ಇದರಲ್ಲಿ ಏನು ವಿಷ ಇದೆ, ಈಗಲೇ ಹೇಳಿ. ಇಲ್ಲ ಸ್ಟೇಷನ್ನಿಗೆ ನಡೀರಿ."

ವಿಷ ಎಂದದ್ದೇ ತಡ, ಅವನ ಮುಖ ಬಿಳುಚಿತು. "ಏನ್ ಮೇಡಂ ನೀವು, ವಿಷ ಗಿಷ ಅಂತ! ಸಕ್ಕರೆ ನೀರು ಮೇಡಂ ಅದು! ಎರಡು ತೊಟ್ಟು ಪುದೀನ, ಅಷ್ಟೇ. ಇದರಿಂದ ಹುಣ್ಣಾಗಕ್ಕೆ ಸಾಧ್ಯನೇ ಇಲ್ಲ. ನೋಡಿ!" ಎಂದು ಮೇಜಿನ ಮೇಲಿದ್ದ ದೊಡ್ಡ ಬಾಟಲಿಯನ್ನೇ ಎತ್ತಿ, ಎಲ್ಲರೆದುರು ಗಟಗಟ ಕುಡಿದು ಬರಿದು ಮಾಡಿದ.

ಜಯಮ್ಮ ಸೊಂಟಕ್ಕೆ ಕೈಯಿಟ್ಟು, "ಲೋ, ಸಕ್ರೆ ನೀರು ನಮ್ಮನೇಲಿ ಇರ್ನಿಲ್ವಾ?" ಎಂದದ್ದೇ ಕುರ್ಚಿಗಳು ಉರುಳಿದವು. ಹೆಂಗಸರು ಮೇಜನ್ನು ಮುತ್ತಿದರು. ನನ್ನ ಜೀವನದ ಅತ್ಯುತ್ತಮ ಗೆಲುವು ಅದು. ಅವನಿಗೂ ನನಗೂ ನಡುವೆ ಇದ್ದದ್ದು ನಾಲ್ಕೇ ಪ್ರಶ್ನೆ.

ವಾಪಸು ಬರುವ ಆಟೋದಲ್ಲಿ ಜಯಮ್ಮ ನಗುತ್ತಲೇ ಇದ್ದಳು. ನನ್ನ ನಗು ಊರ ತಿರುವಿನಲ್ಲಿ ನಿಂತುಹೋಯಿತು. ಅವನು ಕುಡಿದನಲ್ಲ. ಹೆದರಿ, ನಿಜ ಹೇಳಿ, ಕುಡಿದನಲ್ಲ. ಅದು ಸಕ್ಕರೆ ನೀರೇ ಆಗಿದ್ದರೆ ಹುಣ್ಣು ಎಲ್ಲಿಂದ ಬಂತು? ಜಯಮ್ಮನೂ ಅದೇ ಹನಿ ಕುಡಿದಿದ್ದಳು. ಅವಳ ಬಾಯಿ ನೆಟ್ಟಗೇ ಇತ್ತು, ಅಗತ್ಯಕ್ಕಿಂತ ನೆಟ್ಟಗೆ. ಕಳ್ಳನನ್ನು ಹಿಡಿದಿದ್ದೆ, ಆದರೆ ಅವನು ಬೇರೆ ಕಳ್ಳತನದವನು.

ಮನೆಗೆ ಬಂದಾಗ ದೊಡ್ಡಮ್ಮನ ಮೈ ಕೆಂಡವಾಗಿತ್ತು. ದೊಡ್ಡಪ್ಪ, ನಾನು ಅವಳನ್ನು ಚಾಮರಾಜನಗರಕ್ಕೆ ಕರೆದೊಯ್ದೆವು. ಅದೇ ಡಾಕ್ಟರಮ್ಮ. ನಾನು ಮಂಟಪದ ಕಥೆ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ಹಳದಿ ಮಾತ್ರೆ ಎಲ್ಲಿ?"

ಮಾತಾಡಲಾಗದ ದೊಡ್ಡಮ್ಮ ಪಕ್ಕದಲ್ಲಿದ್ದ ನೀಲಿ ಪಟ್ಟೆಯ ಚೀಲವನ್ನು ತೋರಿಸಿದಳು. ಡಾಕ್ಟರಮ್ಮ ಒಳಜೇಬಿಗೆ ಕೈಹಾಕಿ ಖಾಲಿ ಪಟ್ಟಿಗಳನ್ನು ಒಂದೊಂದಾಗಿ ಹಾಸಿಗೆಯ ಮೇಲೆ ಇಡತೊಡಗಿದರು. ಮೂರನೆಯದನ್ನು ಇಟ್ಟಾಗಲೇ ನನಗೆ ಅರ್ಥವಾಯಿತು. ಅವರು ಇನ್ನೂ ಇಡುತ್ತಿದ್ದರು.

"ವಾರಕ್ಕೊಂದು ದಿನ ಅಂದಿದ್ನಲ್ಲ?"

ದೊಡ್ಡಪ್ಪ ಟವಲು ಹಿಂಡುತ್ತ ಹೇಳಿದ. "ಚೀಲ ತಕ್ಕಂಡಾಗ ನುಂಗೋದು ಅಂತ ಕೂಸು ಯೋಳಿತ್ತು ಡಾಕ್ಟ್ರೇ. ಓಣಂ ವ್ಯಾನು ಬರಾಕ್ ಸುರುವಾದ್ಮ್ಯಾಕೆ ದಿನಾ ಚೀಲ ತಕ್ಕಂಡೇ ರೋಡ್ಗೋಗ್ತಾವ್ಳೆ. ಸೂಜಿ ದಾರ, ಬುತ್ತಿ ಎಲ್ಲ ಅದ್ರಾಗೇ. ಮಾತ್ರೆ ಮುಗ್ದೋಯ್ತು, ಹಳೇ ಚೀಟಿ ತೋರ್ಸಿ ಇನ್ನೂ ತಂದ್ಕೊಟ್ಟೆ." ದೂರಿನ ಲವಲೇಶವೂ ಇಲ್ಲದೆ ಸೇರಿಸಿದ, "ಕೂಸು ಓದಿರೋದು. ತಪ್ಪು ಯೋಳಾಕಿಲ್ಲ ಅಂತ."

ಕರೆಂಟು ಬಂದರೆ ಸಾಕು, ಅದರ ಪಾಡಿಗೆ ಅದು ತಿರುಗುತ್ತದೆ. ಚೀಲ ಕೈಗೆ ಬಂದರೆ ಸಾಕು. ದೊಡ್ಡಮ್ಮ ಹೂವಿನ ಸಾಲಿನಲ್ಲಿ ನಿಂತು ಗುಂಡಿ ಎಲ್ಲಿದೆ ಎಂದು ಕೇಳಿದಾಗ, ಗುಂಡಿಯೇ ಇಲ್ಲದ ಯಂತ್ರವೊಂದನ್ನು ನಾನೇ ಅವಳ ಮನೆಯ ಮೊಳೆಗೆ ನೇತುಹಾಕಿದ್ದೆ. ಆ ಮಂಟಪದವನ ಹನಿ ಯಾರ ಮೈಗೂ ಏನೂ ಮಾಡಿರಲಿಲ್ಲ. ನನ್ನ ಘೋಷಣೆ ಮಾಡಿತ್ತು.

ಮಾತ್ರೆ ರಕ್ತದ ಕಣಗಳನ್ನು ತಗ್ಗಿಸಿಬಿಟ್ಟಿದೆ, ಅದಕ್ಕೆ ಪ್ರತಿಯಾದ ಔಷಧಿ ಕೊಡುತ್ತೇವೆ, ಕಣಗಳು ಏರುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. ನಾನು ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. "ಇನ್ನು ನಾಲ್ಕು ದಿನ ತಡ ಮಾಡಿದ್ದರೆ ಬೈಯೋಕೂ ಯಾರೂ ಇರ್ತಿರಲಿಲ್ಲ" ಎಂದರು. ಅದು ಬೈಗುಳಕ್ಕಿಂತ ಗಟ್ಟಿಯಾಗಿ ಕೂತಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹಾಸಿಗೆಯ ಪಕ್ಕ ಕೂತೆ. ದಿನಾ ಬೆಳಿಗ್ಗೆ ರಕ್ತ ತೆಗೆಯುವರು, ಮಧ್ಯಾಹ್ನ ಕಣಗಳ ಲೆಕ್ಕದ ಚೀಟಿ ಬರುವುದು. ಮೊದಲ ದಿನ ಇಳಿದಿತ್ತು. ಎರಡನೆಯ ದಿನ ಇನ್ನೂ ಇಳಿದಿತ್ತು. ಮೂರನೆಯ ದಿನ ಅಲ್ಲೇ ನಿಂತಿತ್ತು. ಊರಿನಲ್ಲಿ ಜಯಮ್ಮ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ನಮ್ಮ ಹೊಲದ ಹೂವು ಕಿತ್ತು ವ್ಯಾನಿಗೆ ಹಾಕುತ್ತಿದ್ದಳು. ಫೋನಿನಲ್ಲಿ ದಿನಾ ಒಂದೇ ಮಾತು: "ಊವಿಂದು ಬುಡು, ಅವ್ಳ ಬಾಯಿಂದ ಒಂದು ಬೈಗ್ಳ ಕೇಳ್ಸು."

ನಾಲ್ಕನೆಯ ದಿನ ಚರ್ಚಾ ಸ್ಪರ್ಧೆ. ಹೋಗುವುದಿಲ್ಲ ಎಂದೆ. ದೊಡ್ಡಮ್ಮ ಮಲಗಿದಲ್ಲಿಂದಲೇ ಊದಿದ ಬೆರಳೊಂದನ್ನು ಬಾಗಿಲ ಕಡೆಗೆ ಚಾಚಿದಳು. ನಾನು ವಾದಿಸಲು ಬಾಯಿ ತೆರೆದೆ. ಅವಳು ಬೆರಳನ್ನು ಇನ್ನೊಂದು ಸಲ ಚಾಚಿದಳು. ಆಸ್ಪತ್ರೆಯಿಂದ ಸಭಾಂಗಣಕ್ಕೆ ನಡೆದೇ ಹೋದೆ.

ಹಕ್ಕಿಯಂತೆ ಹಾರುವ ಬೆರಳುಗಳನ್ನು ಭಾಷಣದಿಂದ ಕಿತ್ತುಹಾಕಿದ್ದೆ. ಆಟೋ ಸ್ಟಾರ್ಟರಿನಿಂದ ಶುರುಮಾಡಿದೆ. ಜೀನ್ ಚಿಕಿತ್ಸೆ ಬರುತ್ತದೆ, ಬಂದೇ ಬರುತ್ತದೆ. ಆದರೆ ಅದು ನಾಳೆಯ ಉತ್ತರ, ಇವತ್ತು ಮಂಟಪದಲ್ಲಿ ಮಾರುವ ಉತ್ತರ ಅಲ್ಲ. ನೋವಿದ್ದಾಗ ಏಳುವ, ನೋವು ತಣಿದಾಗ ಮಲಗುವ ಗುಂಡಿ ಸಿಗುವವರೆಗೆ ಕಾಯೋಣ ಎನ್ನುವುದು ವಿರೋಧವಲ್ಲ, ಅದೇ ನಿಜವಾದ ಪರ. ಎದುರು ತಂಡದ ಹುಡುಗ ಇದೇ ಗುಂಡಿಯನ್ನು ಬ್ರಹ್ಮಾಸ್ತ್ರವಾಗಿ ಇಟ್ಟುಕೊಂಡಿದ್ದನಂತೆ. ನಾನೇ ಅದನ್ನು ಎತ್ತಿಕೊಂಡಿದ್ದರಿಂದ ಅವನು ಕಾಗದ ತಿರುವುತ್ತ ನಿಂತ. ಆದರೂ ತೀರ್ಪುಗಾರರು ನನಗೆ ಎರಡನೆಯ ಬಹುಮಾನ ಕೊಟ್ಟರು: "ಪರವೋ ವಿರೋಧವೋ ಸ್ಪಷ್ಟವಿಲ್ಲ." ಅವರದು ತಪ್ಪು ತೀರ್ಪೆಂದು ನಾನು ಈಗಲೂ ವಾದಿಸಬಲ್ಲೆ.

ವಾರ್ಡಿಗೆ ಮರಳಿದಾಗ ದೊಡ್ಡಪ್ಪ ಚೀಟಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಓದಲು ಬಾರದಿದ್ದರೂ ಅವನ ಮುಖ ಓದಿಬಿಟ್ಟಿತ್ತು. ಕಣಗಳು ಏರಿದ್ದವು. ಒಳಗೆ ದೊಡ್ಡಮ್ಮ ಗಂಜಿಯನ್ನು ಚಮಚದಲ್ಲಿ ನೆಕ್ಕುತ್ತಿದ್ದಳು. ನಾಲ್ಕು ದಿನದ ಮೊದಲ ಮಾತು ಒಡಕು ದನಿಯಲ್ಲಿ ಹೊರಟಿತು.

"ಗೆದ್ಯಾ?"

"ಎರಡನೇದು."

"ಒಂದ್ನೇದು ಕೊಡ್ದೆ ಇದ್ದೋನು ಯಾವನ್ಲಾ ಅವ್ನು?"

ಫೋನಿನಲ್ಲಿ ಜಯಮ್ಮನಿಗೆ ಅದನ್ನೇ ಕೇಳಿಸಿದೆ. ಅವಳು ಆ ಕಡೆ ಅತ್ತಳು.

ಮನೆಗೆ ಬಂದ ಮೇಲೆ ನಾನು ಹೊಸ ಉಪಾಯಗಳ ಪಟ್ಟಿಯನ್ನೇ ತಂದೆ: ಬಣ್ಣದ ಡಬ್ಬಿ, ಮೊಬೈಲಿನ ಅಲಾರಂ. ದೊಡ್ಡಮ್ಮ ಎಲ್ಲ ಕೇಳಿ, "ನಿನ್ ಉಪಾಯ ಸಾಕು ಬುಡು" ಎಂದಳು. "ನಾನು ನಿಂಗೆ ಪೋನ್ ಮಾಡ್ತೀನಿ. ನೀನು ವಾರ ಯೋಳು. ಯೋಳಿದ್ಮ್ಯಾಕೆ ನುಂಗ್ತೀನಿ." ಡಾಕ್ಟರಮ್ಮ ರಕ್ತ ಪರೀಕ್ಷಿಸಿ, ಕಡಿಮೆ ಪ್ರಮಾಣದಿಂದ ಮಾತ್ರೆಯನ್ನು ಮತ್ತೆ ಶುರುಮಾಡಿದ ದಿನದಿಂದ ಅದೇ ಪದ್ಧತಿ. ಒಂದು ಬೆರಳು ಸ್ವಲ್ಪ ಸೊಟ್ಟಗೇ ಉಳಿಯಿತು. ಉಳಿದವು ಹೂವಿಗೆ ಮರಳಿದವು, ಮೊದಲಿನಷ್ಟು ವೇಗವಿಲ್ಲದಿದ್ದರೂ. ನಾನೀಗ ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಗಿಣ್ಣು ಊದಿದಾಗ ಮಾತ್ರ ಎಚ್ಚರಗೊಳ್ಳುವ ಜೀನುಗಳನ್ನು ಪ್ರಯೋಗಾಲಯಗಳಲ್ಲಿ ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದಾರೆ. ನನ್ನ ಓದು ಅದರ ಸುತ್ತಲೇ. ಅನುಮಾನ ಈಗಲೂ ಪಕ್ಕದಲ್ಲೇ ಕೂತಿದೆ, ಜೊತೆಗಿರಲಿ ಎಂದು ನಾನೇ ಇಟ್ಟುಕೊಂಡಿದ್ದೇನೆ.

ಮೊನ್ನೆ ಗುಂಡ್ಲುಪೇಟೆಯಲ್ಲಿ ಆ ವ್ಯಾನಿನ ಮುಂದೆ ನಿಂತಿದ್ದಾಗಲೇ ಫೋನು ಹೊಡೆದುಕೊಂಡಿತು.

"ಎಲ್ಲಿದ್ದೀ ಕಣಮ್ಮಿ?"

"ಪೇಟೇಲಿ. ಅರ್ಧ ಗಂಟೇಲಿ ಮನೇಲಿರ್ತೀನಿ."

"ಬಂತಾ ನಿನ್ ಸೂಜಿ?"

"ಇನ್ನೂ ಇಲ್ಲ. ಬರ್ತದೆ."

"ಗುಂಡಿ?"

"ಹುಡುಕ್ತಾವ್ರೆ."

"ಉಡುಕ್ಲಿ, ಅರ್ಜೆಂಟಿಲ್ಲ. ಇವತ್ತು ಯಾವ ವಾರ ಯೋಳು."

ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ನಿಮಿಷ ಅಂದು, ಈರುಳ್ಳಿ ಮೂಟೆ ಇಳಿಸಿ ಬೆವರೊರೆಸಿಕೊಳ್ಳುತ್ತಿದ್ದವನ ಹತ್ತಿರ ಹೋದೆ. "ಅಣ್ಣ, ಇವತ್ತು ಯಾವ ವಾರ?"

"ಗುರುವಾರ ಕಣಮ್ಮ" ಎಂದ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ.

"ಗುರುವಾರ, ದೊಡ್ಡಮ್ಮ" ಎಂದೆ. "ನುಂಗು."